ತಗಡಿಗೆ ನೆರಿಗೆ: ಮಹಡಿಗೆ ಶೀಟ್ ಹಾಕಿಸುವ ಮುನ್ನ ತಿಳಿದಿರಬೇಕಾದದ್ದು

ಆರ್.ವಿ. ರೋಡ್ ನಿಲ್ದಾಣದಲ್ಲಿ ಹಳದಿ ಮಾರ್ಗದ ಮೆಟ್ರೊ ಹತ್ತಿ ಬಾಗಿಲ ಗಾಜಿಗೆ ಮುಖವಿಟ್ಟು ನಿಂತರೆ ದಕ್ಷಿಣ ಬೆಂಗಳೂರಿನ ನೆತ್ತಿ ಕಾಣುತ್ತದೆ. ರಾಗಿಗುಡ್ಡ, ಜಯದೇವ, ಬಿಟಿಎಂ ಲೇಔಟ್ ದಾಟುವಷ್ಟರಲ್ಲಿ ನೀಲಿ, ಹಸಿರು, ಇಟ್ಟಿಗೆಗೆಂಪು ಶೀಟುಗಳು ಲೆಕ್ಕಕ್ಕೆ ಸಿಗದಷ್ಟು ಬರುತ್ತವೆ. ಒಂದರ ಕೆಳಗೆ ಪಿ.ಜಿ.ಯ ಊಟದ ಮನೆ, ಇನ್ನೊಂದರ ಕೆಳಗೆ ಸಂಜೆಯ ಟ್ಯೂಷನ್, ಮತ್ತೊಂದರ ಕೆಳಗೆ ಬಟ್ಟೆ ಒಣಗುವ ತಂತಿ, ಹಪ್ಪಳದ ಮಣೆ. 2025ರ ಆಗಸ್ಟ್‌ನಲ್ಲಿ ಶುರುವಾದ ಈ ಮಾರ್ಗ ಸುಮಾರು 19 ಕಿ.ಮೀ. ಓಡಿ ಮುಗಿಯುವುದು ಬೊಮ್ಮಸಂದ್ರದಲ್ಲಿ. ಶೀಟು ಹೊದ್ದ ಮಹಡಿಗಳ ನಡುವೆ ಹೊರಟ ರೈಲು ಶೀಟು ಬಗ್ಗಿಸುವಂಥ ಶೆಡ್ಡುಗಳ ಕೈಗಾರಿಕಾ ಪ್ರದೇಶಕ್ಕೆ ಬಂದು ನಿಲ್ಲುತ್ತದೆ.

ಮಹಡಿಗೂ ಆ ಶೆಡ್ಡಿಗೂ ನಡುವೆ ಇರುವುದು ಒಂದು ಅಂಗಡಿ. ಅಲ್ಲಿ ನಮ್ಮಲ್ಲಿ ಹೆಚ್ಚಿನವರು ಕೇಳುವುದು ಎರಡೇ ಪ್ರಶ್ನೆ: ‘ಯಾವ ಕಲರ್ ಇದೆ? ಅಡಿಗೆ ಎಷ್ಟು?’ ಈ ಎರಡಕ್ಕೂ ಉತ್ತರ ಸಿಕ್ಕ ಮೇಲೂ ಆ ಶೀಟು ಐದು ಮಳೆಗಾಲ ಬಾಳುತ್ತದೋ ಇಪ್ಪತ್ತೈದು ಮಳೆಗಾಲವೋ ಎಂಬುದು ಗೊತ್ತಾಗಿರುವುದಿಲ್ಲ. ಅದು ಗೊತ್ತಾಗಬೇಕಾದರೆ ಶೀಟು ಹೇಗೆ ತಯಾರಾಗುತ್ತದೆ ಎಂಬುದನ್ನು ಒಮ್ಮೆ ನೋಡಬೇಕು. ನೋಡಿದವರಿಗೆ ಒಂದು ಸಂಗತಿ ತಟ್ಟನೆ ಹೊಳೆಯುತ್ತದೆ. ಯಂತ್ರ ಮಾಡುವ ಕೆಲಸ ನೆರಿಗೆ ಹಿಡಿಯುವುದಷ್ಟೆ. ನೆರಿಗೆ ಎಷ್ಟು ಚೆಂದ ಕೂತರೂ ನೂಲಿನ ಸೀರೆ ರೇಷ್ಮೆಯಾಗುವುದಿಲ್ಲ.

ನೆರಿಗೆ ಯಾಕೆ ಬೇಕು?

ಎರಡು ಲೋಟಗಳ ಮೇಲೆ ಒಂದು ಹಾಳೆಯನ್ನು ಅಡ್ಡ ಇಡಿ, ನಡುವೆ ಕುಸಿಯುತ್ತದೆ. ಅದೇ ಹಾಳೆಯನ್ನು ಬೀಸಣಿಗೆಯ ಹಾಗೆ ಮಡಚಿ ಇಡಿ, ಅದರ ಮೇಲೊಂದು ಪೆನ್ಸಿಲ್ ಡಬ್ಬಿ ಇಟ್ಟರೂ ತಡೆಯುತ್ತದೆ. ಹಾಳೆಯ ದಪ್ಪ ಬದಲಾಗಿಲ್ಲ, ಎತ್ತರ ಬಂದಿದೆ. ಅರ್ಧ ಮಿಲಿಮೀಟರ್ ದಪ್ಪದ ತಗಡು ನಾಲ್ಕಡಿ ದೂರದ ಎರಡು ಪೈಪುಗಳ ನಡುವೆ ಮಳೆ, ಗಾಳಿ, ಅಪರೂಪಕ್ಕೆ ಹತ್ತುವ ಮನುಷ್ಯನ ಭಾರವನ್ನೂ ಹೊರುವುದು ಈ ಉಪಾಯದಿಂದ.

ಉಪಾಯ ಹೊಸದೇನಲ್ಲ. ಲಂಡನ್ ಬಂದರಿನ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ನೆರಿಗೆ ತಗಡಿಗೆ ಪೇಟೆಂಟ್ ಪಡೆದ. ಆದರೆ ಬರಿಯ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತಿತ್ತು. ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ 1837ರಲ್ಲಿ ಕರಗಿದ ಸತುವಿನಲ್ಲಿ ಕಬ್ಬಿಣ ಅದ್ದುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಈ ತಗಡು ಹಡಗು ಹತ್ತಿ ಊರೂರಿಗೆ ಹೋಯಿತು. ನಮ್ಮಲ್ಲಿ ಅದಕ್ಕೆ ‘ಜಿಂಕ್ ಶೀಟ್’ ಎಂಬ ಹೆಸರು ಉಳಿದದ್ದು ಆ ಸತುವಿನಿಂದಲೇ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮನೆಗಳು ಹೆಂಚು ಹೊದ್ದವು. ಶೆಡ್ಡು, ಗೋದಾಮು, ಗಣಿಗಳು ತಗಡನ್ನು ಹೊದ್ದವು. ಹೆಂಚಿಗೆ ಕಡಿದಾದ ಇಳಿಜಾರು, ಒತ್ತೊತ್ತಾಗಿ ರೀಪು ಬೇಕು. ತಗಡಿಗೆ ನಾಲ್ಕಾರು ಪೈಪು ಸಾಕು. ಮಹಡಿಯ ಮೇಲೆ ಹಗುರವಾಗಿ ಕೂರುವ ಈ ಗುಣವೇ ಇಂದು ಅದನ್ನು ಬನಶಂಕರಿಯ ತಾರಸಿಗಳಿಗೆ ತಂದಿರುವುದು.

ಯಂತ್ರದ ಉದ್ದಕ್ಕೂ ಒಂದು ನಡಿಗೆ

ರೋಲ್ ಫಾರ್ಮಿಂಗ್ ಯಂತ್ರ ಅಂದರೆ ಒಂದು ಯಂತ್ರವಲ್ಲ, ಒಂದು ಸಾಲು. ಒಂದು ತುದಿಯಲ್ಲಿ ಡಿಕಾಯ್ಲರ್ ಎಂಬ ದೊಡ್ಡ ರಾಟೆ. ಅದರ ಮೇಲೆ ಮೂರರಿಂದ ಐದು ಟನ್ ತೂಗುವ ಕಾಯಿಲ್, ಅಂದರೆ ಸುರುಳಿ ಸುತ್ತಿದ ಸಪಾಟು ತಗಡು. ಬಣ್ಣ ಬಳಿದದ್ದಾದರೆ ಆ ಬಣ್ಣವೂ ಉಕ್ಕಿನ ಕಾರ್ಖಾನೆಯಲ್ಲೇ ಬಳಿದಾಗಿರುತ್ತದೆ. ಸಾಮಾನ್ಯವಾಗಿ ಬಳಸುವ ಕಾಯಿಲ್‌ನ ಅಗಲ ಸುಮಾರು 1220 ಮಿ.ಮೀ., ಅಂದರೆ ನಾಲ್ಕಡಿ. ಅರ್ಧ ಮಿ.ಮೀ. ದಪ್ಪದ ನಾಲ್ಕು ಟನ್ ಕಾಯಿಲ್ ಬಿಚ್ಚಿ ಹಾಸಿದರೆ 800 ಮೀಟರ್‌ಗೂ ಹೆಚ್ಚು ಉದ್ದ ಬರುತ್ತದೆ.

ತಗಡಿನ ತುದಿ ಗೈಡ್ ಎಂಬ ಎರಡು ತಡೆಗಳ ನಡುವೆ ನುಗ್ಗಿ ರೋಲರ್‌ಗಳಿಗೆ ಸಿಗುತ್ತದೆ. ಮೇಲೊಂದು ಕೆಳಗೊಂದು ರೋಲರ್ ಇರುವ ಜೋಡಿಗೆ ಸ್ಟೇಷನ್ ಅಥವಾ ಸ್ಟ್ಯಾಂಡ್ ಎನ್ನುತ್ತಾರೆ. ಛಾವಣಿ ಶೀಟಿನ ಯಂತ್ರದಲ್ಲಿ ಇಂಥವು ಹದಿನಾರರಿಂದ ಇಪ್ಪತ್ತರ ತನಕ ಇರುವುದು ವಾಡಿಕೆ. ಮೊದಲ ಸ್ಟ್ಯಾಂಡಿನಲ್ಲಿ ತಗಡು ಬಗ್ಗಿದ್ದೇ ಕಾಣುವುದಿಲ್ಲ. ಮೂರನೆಯದರಲ್ಲಿ ನಡುವಿನ ನೆರಿಗೆ ಮೊಳೆಯುತ್ತದೆ. ಆಮೇಲೆ ಅದರ ಎಡಬಲದ ನೆರಿಗೆ, ಕೊನೆಗೆ ಅಂಚಿನವು. ನಡುವಿನಿಂದ ಹೊರಕ್ಕೆ ಹೋಗಲು ಕಾರಣವಿದೆ. ಪ್ರತಿ ನೆರಿಗೆಗೂ ತಗಡು ಪಕ್ಕದಿಂದ ಒಳಕ್ಕೆ ಸರಿಯಬೇಕು. ಅಂಚುಗಳನ್ನು ಮೊದಲೇ ಹಿಡಿದುಬಿಟ್ಟರೆ ನಡುವೆ ಸರಿಯಲು ಬಟ್ಟೆಯೇ ಇಲ್ಲದಂತಾಗಿ ತಗಡು ಎಳೆದಾಡುತ್ತದೆ. ಸೀರೆ ಉಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಬೆಂಕಿ ಇಲ್ಲ, ಕಾಯಿಸುವುದಿಲ್ಲ. ತಣ್ಣಗಿನ ತಗಡನ್ನೇ ಸ್ವಲ್ಪ ಸ್ವಲ್ಪವಾಗಿ ಬಗ್ಗಿಸುವುದು. ಹಾಗಾಗಿ ಬಗ್ಗಿಸಿದ ಉಕ್ಕು ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ. ಗಟ್ಟಿ ಉಕ್ಕು ಹೆಚ್ಚು ಪುಟಿಯುತ್ತದೆ, ಮೆದು ಉಕ್ಕು ಕಡಿಮೆ. ಒಳ್ಳೆಯ ಆಪರೇಟರ್ ಕಾಯಿಲ್ ಬದಲಾದಾಗಲೆಲ್ಲ ರೋಲರ್‌ಗಳ ನಡುವಿನ ಸಂದನ್ನು ಮತ್ತೆ ಹೊಂದಿಸುತ್ತಾನೆ. ಅವಸರದವನು ಹಳೆಯ ಸೆಟ್ಟಿಂಗಿನಲ್ಲೇ ಓಡಿಸುತ್ತಾನೆ.

ರೋಲರ್‌ಗಳ ಸಾಲು ಮುಗಿದ ಕಡೆ ಹೈಡ್ರಾಲಿಕ್ ಕಟರ್ ಇದೆ. ಅದರ ಬ್ಲೇಡ್ ಕೂಡ ಶೀಟಿನ ಆಕಾರದಲ್ಲೇ ಏರಿಳಿದಿರುತ್ತದೆ, ಇಲ್ಲದಿದ್ದರೆ ಕತ್ತರಿಸುವಾಗ ನೆರಿಗೆ ಜಜ್ಜಿಹೋಗುತ್ತದೆ. ಉದ್ದ ಅಳೆಯುವುದಕ್ಕೆ ಎನ್‌ಕೋಡರ್ ಎಂಬ ಪುಟ್ಟ ಚಕ್ರ. ಅದರ ಲೆಕ್ಕ ಹಿಡಿದು ಕಟರ್‌ಗೆ ಅಪ್ಪಣೆ ಕೊಡುವುದು ಪಿಎಲ್‌ಸಿ ಪೆಟ್ಟಿಗೆ. ‘16 ಅಡಿ, 7 ಪೀಸ್’ ಎಂದು ಒತ್ತಿದರೆ ಅಷ್ಟೇ ಬರುತ್ತದೆ. ನಿಮಿಷಕ್ಕೆ ಹತ್ತು ಹದಿನೈದು ಮೀಟರ್ ಓಡುವ ಯಂತ್ರದಿಂದ ಒಂದು ಶೀಟು ಅರ್ಧ ನಿಮಿಷದೊಳಗೆ ಹೊರಬೀಳುತ್ತದೆ. ಇದರಿಂದ ನಿಮಗೆ ಒಂದು ಲಾಭವಿದೆ. ಅಂಗಡಿಯಲ್ಲಿ ಜೋಡಿಸಿಟ್ಟ 10 ಅಡಿ, 12 ಅಡಿಯ ಸಿದ್ಧ ಶೀಟುಗಳಿಗೇ ಕಟ್ಟುಬೀಳಬೇಕಿಲ್ಲ. ನಿಮ್ಮ ಮಾಡಿನ ಉದ್ದಕ್ಕೆ ಸರಿಯಾಗಿ ಒಂದೇ ಶೀಟು ಕತ್ತರಿಸಿ ಕೊಡಿ ಎಂದು ಕೇಳಬಹುದು. ಉದ್ದಕ್ಕೆ ಜೋಡಣೆ ಇಲ್ಲದ ಮಾಡಿನಲ್ಲಿ ಸೋರುವ ಜಾಗವೂ ಕಡಿಮೆ.

ಶೀಟು ನೋಡಿ ಯಂತ್ರದ ಗುಣ ಹೇಳಿ

ಪೀಣ್ಯವೋ ಬೊಮ್ಮಸಂದ್ರವೋ ಜಿಗಣಿಯೋ, ಘಟಕಕ್ಕೆ ಹೋಗಿ ನೋಡಲು ಸಾಧ್ಯವಾದರೆ ಹೋಗಿ. ಆಗದಿದ್ದರೆ ಶೀಟೇ ಯಂತ್ರದ ಜಾತಕ ಹೇಳುತ್ತದೆ.

ಮೊದಲು ಒಂದರ ಮೇಲೊಂದು ಎರಡು ಶೀಟು ಇಟ್ಟು ಅಂಚಿನ ನೆರಿಗೆಯನ್ನು ಕೂರಿಸಿ, ಕಣ್ಣ ಮಟ್ಟಕ್ಕೆ ಬಗ್ಗಿ ನೋಡಿ. ಉದ್ದಕ್ಕೂ ಬೆಳಕು ಇಣುಕದೆ ಕೂತರೆ ಸರಿ. ಇಣುಕಿದರೆ ಪುಟಿತದ ಲೆಕ್ಕ ತಪ್ಪಿದೆ, ಆ ಸಂದಿನಲ್ಲಿ ಗಾಳಿ ಹೊಡೆದ ಮಳೆ ಒಳಗೆ ಬರುತ್ತದೆ. ಎರಡನೆಯದು, ನೆರಿಗೆಗಳ ನಡುವಿನ ಸಪಾಟು ಭಾಗದಲ್ಲಿ ಎಣ್ಣೆ ಡಬ್ಬದ ಮೈಯ ಹಾಗೆ ಉಬ್ಬುತಗ್ಗು ಇದೆಯೇ ನೋಡಿ. ಇದು ತಗಡಿನ ಎಳೆತ ಸಮನಾಗಿಲ್ಲದ ಗುರುತು. ಸೋರುವುದಿಲ್ಲ, ಆದರೆ ಎದುರು ಮನೆಯವರ ಕಣ್ಣಿಗೆ ದಿನಾ ಬೀಳುತ್ತದೆ. ಮೂರನೆಯದು, ಬಣ್ಣದ ಮೇಲೆ ಉದ್ದಕ್ಕೆ ಒಂದೇ ಗೆರೆಯಲ್ಲಿ ಗೀರು ಇದ್ದರೆ ಯಾವುದೋ ಒಂದು ರೋಲರ್‌ನ ಕ್ರೋಮ್ ಲೇಪನ ಎದ್ದಿದೆ ಅಥವಾ ಅದಕ್ಕೆ ಕಸ ಅಂಟಿದೆ. ಒಂದು ಶೀಟಿನಲ್ಲಿದ್ದದ್ದು ಎಲ್ಲ ಶೀಟಿನಲ್ಲೂ ಇರುತ್ತದೆ. ನಾಲ್ಕನೆಯದು, ಕತ್ತರಿಸಿದ ತುದಿ ಗರಗಸದ ಹಲ್ಲಿನಂತೆ ಚೂರುಚೂರಾಗಿದ್ದರೆ ಬ್ಲೇಡ್ ಮೊಂಡಾಗಿದೆ.

ಐದನೆಯದು ಟೇಪ್ ಹಿಡಿದು ಮಾಡುವ ಪರೀಕ್ಷೆ. ಶೀಟನ್ನು ನೆಲಕ್ಕೆ ಹಾಕಿ ಎರಡು ತುದಿಯಲ್ಲಿ, ನಡುವೆ, ಮೂರು ಕಡೆ ಅಗಲ ಅಳೆಯಿರಿ. ಮೂರೂ ಒಂದೇ ಬರಬೇಕು.

ದಪ್ಪದ ಆಟ

ಯಂತ್ರ ತಗಡನ್ನು ಬಗ್ಗಿಸುತ್ತದೆ. ಅದು ದಪ್ಪವನ್ನೂ ಸೇರಿಸುವುದಿಲ್ಲ, ಸತುವನ್ನೂ ಸೇರಿಸುವುದಿಲ್ಲ. ಶೀಟಿನ ಆಯುಷ್ಯ ಕಾಯಿಲ್‌ನಲ್ಲೇ ಬರೆದಾಗಿರುತ್ತದೆ. ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ದೂರದ ಜಮ್‌ಷೆಡ್‌ಪುರದಲ್ಲೋ ಯಾವ ದಪ್ಪದ ಉಕ್ಕಿಗೆ ಎಷ್ಟು ಲೇಪನ ಬಿತ್ತು ಎಂಬುದೇ ಕೊನೆಯ ಮಾತು. ಮೋಸಕ್ಕೂ ಜಾಗ ಇರುವುದು ಅಲ್ಲೇ.

‘ಅಣ್ಣಾ, ಇದು ಎಷ್ಟು ಎಂಎಂ?’

‘ಪಾಯಿಂಟ್ ಐದು ಸಾರ್.’

‘ಟಿಸಿಟಿನಾ, ಬಿಎಂಟಿನಾ?’

ಈ ಒಂದು ಪ್ರಶ್ನೆಗೆ ಅಂಗಡಿಯವರು ತಲೆಯೆತ್ತಿ ನೋಡುತ್ತಾರೆ. ಬಿಎಂಟಿ ಅಂದರೆ ಬರಿಯ ಉಕ್ಕಿನ ದಪ್ಪ. ಟಿಸಿಟಿ ಅಂದರೆ ಉಕ್ಕು, ಲೋಹದ ಲೇಪನ, ಬಣ್ಣ ಎಲ್ಲ ಸೇರಿದ ದಪ್ಪ. ಪೂರ್ಣ ಲೇಪನವಿರುವ ಬಣ್ಣದ ಶೀಟಿನಲ್ಲಿ ಎರಡಕ್ಕೂ ಸುಮಾರು 0.07 ಮಿ.ಮೀ. ಅಂತರ. ಟಿಸಿಟಿ 0.50 ಎಂದರೆ ಒಳಗಿನ ಉಕ್ಕು 0.43ರ ಆಸುಪಾಸು. ಇದರಲ್ಲಿ ಮೋಸವೇನಿಲ್ಲ. ಆದರೆ ಒಂದು ಅಂಗಡಿ ಟಿಸಿಟಿಯನ್ನೂ ಇನ್ನೊಂದು ಅಂಗಡಿ ಬಿಎಂಟಿಯನ್ನೂ ಹೇಳಿ, ನೀವು ಎರಡೂ ‘ಪಾಯಿಂಟ್ ಐದು’ ಎಂದುಕೊಂಡು ರೇಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. 0.45ರ ಶೀಟನ್ನೇ 0.50 ಎಂದು ಕೊಟ್ಟರೆ ಕೈಗೆ ಗೊತ್ತಾಗುವುದೂ ಇಲ್ಲ. ಕೂದಲೆಳೆಯಷ್ಟರ ವ್ಯತ್ಯಾಸ ಅದು.

ಬೆರಳಿಗೆ ಸಿಗದ್ದು ತಕ್ಕಡಿಗೆ ಸಿಗುತ್ತದೆ. ಪಿಯುಸಿ ಪ್ರಯೋಗಾಲಯದ ಸ್ಕ್ರೂ ಗೇಜ್ ನಿಮ್ಮಲ್ಲಿದ್ದರೆ ಸರಿ. ಇಲ್ಲದಿದ್ದರೆ ಅದೇ ಕಾಯಿಲ್‌ನಿಂದ ಪೂರ್ತಿ ಅಗಲದ ಒಂದಡಿ ತುಂಡು ಕತ್ತರಿಸಿಕೊಡಲು ಕೇಳಿ ಬೀದಿಯ ದಿನಸಿ ಅಂಗಡಿಯಲ್ಲಿ ತೂಗಿಸಿ. 1220 ಮಿ.ಮೀ. ಕಾಯಿಲ್‌ನಿಂದ ಬಂದ, ಪೂರ್ಣ ಲೇಪನವಿರುವ ಬಣ್ಣದ ಶೀಟಿಗೆ ಒಂದಡಿ ಉದ್ದದ ಅಂದಾಜು ತೂಕ ಹೀಗಿರಬೇಕು:

ಟಿಸಿಟಿ 0.50 ಮಿ.ಮೀ. — 1.33 ಕೆ.ಜಿ.
ಟಿಸಿಟಿ 0.45 ಮಿ.ಮೀ. — 1.18 ಕೆ.ಜಿ.
ಟಿಸಿಟಿ 0.40 ಮಿ.ಮೀ. — 1.03 ಕೆ.ಜಿ.
ಟಿಸಿಟಿ 0.35 ಮಿ.ಮೀ. — 0.89 ಕೆ.ಜಿ.

ಐವತ್ತು ಗ್ರಾಂ ಹೆಚ್ಚುಕಡಿಮೆ ಬಂದರೆ ತಕರಾರು ಬೇಡ. ನೂರೈವತ್ತು ಗ್ರಾಂ ಕಡಿಮೆ ಬಂದರೆ ಅದು ಒಂದು ಮೆಟ್ಟಿಲು ಕೆಳಗಿನ ಶೀಟು. ವಾಸದ ಮಹಡಿಗೆ 0.50 ಹಾಕಿಸಿ. ಬಟ್ಟೆ ಒಣಗಿಸುವ, ಸ್ಕೂಟರ್ ನಿಲ್ಲಿಸುವ ಸಣ್ಣ ಮಾಡಿಗೆ 0.45 ನಡೆಯುತ್ತದೆ. ಪಕ್ಕದಲ್ಲಿ ತೆಂಗಿನ ಮರವಿದ್ದರೆ ಯಾವ ದಪ್ಪವೂ ಕಾಯಿಯ ಏಟಿಗೆ ಬಗ್ಗದೆ ಇರದು. ಕಾಯಿ ಕೀಳಿಸುವ ಪಾಳಿ ತಪ್ಪಿಸಬೇಡಿ.

ತೂಕಕ್ಕೆ ಸಿಗದ ಕಳ್ಳ

ತಕ್ಕಡಿ ಹಿಡಿಯುವುದು ದಪ್ಪದ ಕಳ್ಳನನ್ನು ಮಾತ್ರ. ಲೇಪನದ ಕಳ್ಳ ಅದಕ್ಕೆ ಸಿಗುವುದಿಲ್ಲ. ಅದೇ ಟಿಸಿಟಿಯಲ್ಲಿ ಲೇಪನ ಕಡಿಮೆ ಮಾಡಿದರೆ ಆ ಜಾಗವನ್ನು ಉಕ್ಕು ತುಂಬುತ್ತದೆ. ಉಕ್ಕು ಸತುವಿಗಿಂತಲೂ ಅಲ್ಯೂಮಿನಿಯಂಗಿಂತಲೂ ಭಾರ, ಆದ್ದರಿಂದ ಶೀಟು ಒಂದಿಷ್ಟು ಹೆಚ್ಚೇ ತೂಗುತ್ತದೆ. ಆದರೆ ತುಕ್ಕು ಬೇಗ ಬರುತ್ತದೆ.

ಲೇಪನದಲ್ಲಿ ಎರಡು ಮನೆತನ. ಒಂದು ಹಳೆಯ ಜಿಐ, ಬರಿಯ ಸತುವಿನದು. ಇದರ ಮಾನಕ ಐಎಸ್ 277. ‘ಜೆಡ್ 120’, ‘ಜೆಡ್ 275’ ಎಂದು ಬರೆದಿರುವುದು ಒಂದು ಚದರ ಮೀಟರ್ ಶೀಟಿನ ಎರಡೂ ಬದಿ ಸೇರಿ ಎಷ್ಟು ಗ್ರಾಂ ಸತು ಇದೆ ಎಂಬುದನ್ನು. ಇನ್ನೊಂದು ಗ್ಯಾಲ್ವಲ್ಯೂಮ್ ಎಂದು ಪ್ರಸಿದ್ಧವಾದದ್ದು. ಅದರ ಲೇಪನದಲ್ಲಿ ಶೇ 55 ಅಲ್ಯೂಮಿನಿಯಂ, ಉಳಿದದ್ದು ಬಹುಪಾಲು ಸತು, ಒಂದಿಷ್ಟು ಸಿಲಿಕಾನ್. ಮಾನಕ ಐಎಸ್ 15961, ಬಣ್ಣ ಬಳಿದಿದ್ದರೆ ಐಎಸ್ 15965. ಇಲ್ಲಿ ‘ಎಜೆಡ್ 150’ ಅಂದರೆ 150 ಗ್ರಾಂ. ಅಲ್ಯೂಮಿನಿಯಂ ಹಗುರವಾದ್ದರಿಂದ 150 ಗ್ರಾಂ ಎಜೆಡ್ ಲೇಪನ 275 ಗ್ರಾಂ ಸತುವಿನಷ್ಟೇ ದಪ್ಪ ಕೂರುತ್ತದೆ. ಎರಡೂ ಬದಿ ಸೇರಿ ಸುಮಾರು 40 ಮೈಕ್ರಾನ್. ಬೆಂಗಳೂರಿನ ಛಾವಣಿಗೆ ‘ಎಜೆಡ್ 150’ ಕೇಳಿ. ‘ಎಜೆಡ್ 70’ ಎಂದು ಹೇಳಿದರೆ ಅರ್ಧ ಲೇಪನಕ್ಕೆ ನೀವು ಪೂರ್ತಿ ದುಡ್ಡು ಕೊಡುತ್ತಿಲ್ಲವಷ್ಟೆ ಎಂದು ನೋಡಿಕೊಳ್ಳಿ.

ಇದನ್ನು ಪರೀಕ್ಷಿಸುವುದು ಹೇಗೆ? ಶೀಟಿನ ಬೆನ್ನು ನೋಡಿ. ಒಳ್ಳೆಯ ಕಾರ್ಖಾನೆಯ ಕಾಯಿಲ್‌ನ ಹಿಂಬದಿಯಲ್ಲಿ ಹೆಸರು, ದಪ್ಪ, ಲೇಪನದ ದರ್ಜೆಗಳನ್ನು ಮುದ್ರಿಸಿರುವುದುಂಟು. ಮುದ್ರೆ ಇಲ್ಲದಿದ್ದರೆ ಕಾಯಿಲ್‌ನ ಲೇಬಲ್ ಮತ್ತು ಕಾರ್ಖಾನೆಯ ಟೆಸ್ಟ್ ಸರ್ಟಿಫಿಕೇಟ್‌ನ ಪ್ರತಿ ಕೇಳಿ. ಅದರಲ್ಲಿ ಐಎಸ್ಐ ಗುರುತು, ಕಾಯಿಲ್ ಸಂಖ್ಯೆ, ಬಿಎಂಟಿ, ಲೇಪನ ಎಲ್ಲ ಇರುತ್ತದೆ. ಕೊಡುವ ಅಂಗಡಿ ಫೋನಿನಲ್ಲೇ ಫೋಟೊ ಕಳಿಸುತ್ತದೆ. ‘ಅದೆಲ್ಲ ಯಾರೂ ಕೇಳಲ್ಲ ಸಾರ್’ ಎಂದರೆ ಮುಂದಿನ ಅಂಗಡಿಗೆ ಹೋಗಿ.

ಅಗಲದ ಲೆಕ್ಕ

1220 ಮಿ.ಮೀ. ತಗಡಿಗೆ ನೆರಿಗೆ ಹಿಡಿದಾಗ ಅಗಲ ಕುಗ್ಗುತ್ತದೆ. ಚೌಕ ಏಣಿನ ಶೀಟು ಈಗ ಹೆಚ್ಚು ನಡೆಯುತ್ತಿದೆ. ಅದರಲ್ಲಿ ಕೈಗೆ ಬರುವ ಅಗಲ ಹೆಚ್ಚುಕಡಿಮೆ 1070 ಮಿ.ಮೀ. ಒಂದು ನೆರಿಗೆ ಪಕ್ಕದ ಶೀಟಿನ ಮೇಲೆ ಕೂತ ಮೇಲೆ ಮುಚ್ಚುವುದು 1000 ಮಿ.ಮೀ. ಆಸುಪಾಸು. ಹಳೆಯ ಅಲೆಯಾಕಾರದ ಶೀಟಿನಲ್ಲಿ ನೆರಿಗೆಯಿಂದ ನೆರಿಗೆಗೆ ಮೂರಂಗುಲ, ಆಳ ಮುಕ್ಕಾಲಂಗುಲ.

ಒಂದು ಉದಾಹರಣೆ. ನಿಮ್ಮ ಮಾಡು 21 ಅಡಿ ಅಗಲ, ಇಳಿಜಾರಿನುದ್ದ 16 ಅಡಿ ಎನ್ನಿ. 21 ಅಡಿ ಅಂದರೆ 6.4 ಮೀಟರ್. ಅದನ್ನು 1.07ರಿಂದ ಭಾಗಿಸಿದರೆ 6 ಶೀಟು ಸಾಕೆನಿಸುತ್ತದೆ. ಹೊದಿಸಿ ನೋಡಿದರೆ ಆರು ಶೀಟು ಮುಚ್ಚುವುದು 6.07 ಮೀಟರ್. ಒಂದಡಿಗೂ ಹೆಚ್ಚು ಬಾಯಿ ತೆರೆದುಕೊಂಡಿರುತ್ತದೆ. ಬೇಕಾದದ್ದು 7. ಹಾಗಾಗಿ ರೇಟು ಹೋಲಿಸುವಾಗ ಮುಚ್ಚುವ ಅಗಲದ ಚದರಡಿಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿ. ಮಾಡಿನ ನೆತ್ತಿ ಮುಚ್ಚುವ ರಿಡ್ಜ್, ಅಂಚುಪಟ್ಟಿ, ಸ್ಕ್ರೂ, ಸಾಗಣೆ, ಶೇ 18 ಜಿಎಸ್‌ಟಿ ಎಲ್ಲ ಸೇರಿದ ಮೊತ್ತವನ್ನು ಬಿಲ್ಲಿನಲ್ಲಿ ಬರೆಸಿ. ದಪ್ಪ, ಲೇಪನದ ದರ್ಜೆಯೂ ಬಿಲ್ಲಿನಲ್ಲೇ ಇರಲಿ. ಬಾಯಿಮಾತಿನ 0.50ಗೆ ಗ್ರಾಹಕರ ವೇದಿಕೆಯಲ್ಲಿ ಬೆಲೆಯಿಲ್ಲ.

ಗಾಳಿ ಎತ್ತುತ್ತದೆ, ಸ್ಕ್ರೂ ಹಿಡಿಯುತ್ತದೆ

ಶೀಟು ಬಿದ್ದುಹೋದೀತು ಎಂದು ಎಲ್ಲರೂ ಹೆದರುತ್ತಾರೆ. ಅದು ಹಾರಿಹೋದೀತು ಎಂದು ಹೆದರಬೇಕು. ಗಾಳಿಯ ಹೊರೆಗೆ ಸಂಬಂಧಿಸಿದ ಐಎಸ್ 875 ಬೆಂಗಳೂರಿಗೆ ಹಿಡಿದಿರುವ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಸುಮಾರು 119 ಕಿ.ಮೀ. ಆ ವೇಗದ ಗಾಳಿಯ ಒತ್ತಡ ಒಂದು ಚದರ ಮೀಟರ್‌ಗೆ ಸುಮಾರು 65 ಕೆ.ಜಿ. ಭಾರಕ್ಕೆ ಸಮ. ಶೀಟಿನ ಸ್ವಂತ ತೂಕ ಚದರ ಮೀಟರ್‌ಗೆ ನಾಲ್ಕು ಕೆ.ಜಿ.ಗಿಂತ ತುಸು ಹೆಚ್ಚಷ್ಟೆ. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗಿನ ಜೊತೆ ಬರುವ ಗಾಳಿ ಮಾಡಿನ ಅಂಚಿನಡಿ ನುಗ್ಗಿದಾಗ ಶೀಟನ್ನು ಕೆಳಕ್ಕೆ ಹಿಡಿದಿರುವುದು ಸ್ಕ್ರೂ, ಪೈಪು, ಪೈಪಿನ ಬುಡವನ್ನು ಕಾಂಕ್ರೀಟಿಗೆ ಬಿಗಿದ ಆಂಕರ್ ಬೋಲ್ಟ್. ಪ್ಯಾರಪೆಟ್ ಗೋಡೆಯ ಇಟ್ಟಿಗೆಗೆ ಮಾತ್ರ ಕಾಲು ಕೊಟ್ಟ ಮಾಡು ಗಾಳಿಗೆ ಗೋಡೆಯನ್ನೂ ಎಳೆದೊಯ್ಯುತ್ತದೆ.

ಆದ್ದರಿಂದ 0.50 ಶೀಟಿಗೆ ಅದನ್ನು ಅಡ್ಡಲಾಗಿ ಹೊರುವ ಪರ್ಲಿನ್ ಪೈಪುಗಳ ನಡುವಿನ ಅಂತರ ನಾಲ್ಕಡಿ ಆಸುಪಾಸಿರಲಿ, ಅಂಚಿನಲ್ಲಿ ಅದಕ್ಕಿಂತ ಕಡಿಮೆ. ಸ್ಕ್ರೂ ಕೂಡ ಅಂಚಿನ ಸಾಲುಗಳಲ್ಲಿ ಹೆಚ್ಚು ಒತ್ತಾಗಿರಲಿ. ಛಾವಣಿಯಲ್ಲಿ ಸ್ಕ್ರೂ ನೆರಿಗೆಯ ಏರಿನ ಮೇಲಿರಬೇಕು. ನೀರು ಹರಿಯುವ ತಗ್ಗಿನಲ್ಲಿ ತೂತು ಬಿದ್ದರೆ ವಾಷರ್ ಒಣಗಿ ಬಿರಿದ ದಿನ ಸೋರಿಕೆ ಶುರು. ಸ್ಕ್ರೂ ತಲೆಯ ಅಡಿಯ ಇಪಿಡಿಎಂ ರಬ್ಬರ್ ವಾಷರ್ ಸ್ವಲ್ಪ ಉಬ್ಬುವಷ್ಟು ಬಿಗಿದರೆ ಸಾಕು. ಚಪ್ಪಟೆಯಾಗಿ ಹೊರಗೆ ಇಣುಕುವಷ್ಟು ಬಿಗಿದರೆ ಹರಿಯುತ್ತದೆ. ಬಿಸಿಲು ನೆರಳಿಗೆ ಉಕ್ಕು ಹಿಗ್ಗಿ ಕುಗ್ಗುತ್ತದೆ ಎಂಬುದೂ ನೆನಪಿರಲಿ. 40 ಡಿಗ್ರಿ ವ್ಯತ್ಯಾಸಕ್ಕೆ 16 ಅಡಿ ಶೀಟು ಎರಡು ಮಿ.ಮೀ.ಗೂ ಹೆಚ್ಚು ಬೆಳೆಯುತ್ತದೆ. ಮಧ್ಯಾಹ್ನ ಮಾಡಿನ ಮೇಲೆ ಕೇಳುವ ‘ಟಕ್ ಟಕ್’ ಸದ್ದು ಅದರದ್ದೇ.

ಇಳಿಜಾರು ಹತ್ತಡಿಗೆ ಒಂದಡಿಯಾದರೂ ಇರಲಿ. ನಮ್ಮ 16 ಅಡಿಯ ಮಾಡಿಗೆ ಒಂದಡಿ ಏಳಂಗುಲ ಇಳಿತ. ಎತ್ತರ ಉಳಿಸಲು ಇದನ್ನು ಅರ್ಧಕ್ಕಿಳಿಸುವ ವೆಲ್ಡರ್‌ಗಳಿದ್ದಾರೆ. ಮಹಾಗನಿ, ಗುಲ್‌ಮೊಹರ್ ಎಲೆ ಉದುರುವ ಬೀದಿಗಳಲ್ಲಿ ಕಡಿಮೆ ಇಳಿಜಾರೆಂದರೆ ಒದ್ದೆ ಎಲೆ ಅಲ್ಲೇ ಕೊಳೆತು ಬಣ್ಣ ತಿನ್ನುವುದು.

ನಮ್ಮ ಮನೆಯ ಅನುಭವ ಒಂದಿದೆ. ಶೀಟು ಹಾಕಿದ ಎರಡೇ ತಿಂಗಳಿಗೆ ಅದರ ಮೇಲೆಲ್ಲ ಕಂದು ಚುಕ್ಕೆ. ಶೀಟು ಕಳಪೆಯೆಂದು ಅಂಗಡಿಯವರ ಮೇಲೆ ಜಗಳಕ್ಕೆ ಹೊರಟಿದ್ದೆವು. ತಪ್ಪು ಶೀಟಿನದಲ್ಲ. ಡ್ರಿಲ್ ಮಾಡಿದಾಗ, ಪೈಪು ಉಜ್ಜಿದಾಗ ಉದುರಿದ ಕಬ್ಬಿಣದ ಪುಡಿಯನ್ನು ಯಾರೂ ಗುಡಿಸಿರಲಿಲ್ಲ. ಮೊದಲ ಮಳೆಗೆ ಆ ಪುಡಿ ತುಕ್ಕಾಗಿ ಬಣ್ಣಕ್ಕೆ ಅಂಟಿತ್ತು. ಕೆಲಸ ಮುಗಿದ ದಿನವೇ ಮೆತ್ತನೆಯ ಪೊರಕೆಯಲ್ಲಿ ಗುಡಿಸಿಸಿ, ಆಮೇಲೆ ಉಳಿದ ಹಣ ಕೊಡಿ. ಶೀಟನ್ನು ಗ್ರೈಂಡರ್ ಹಾಕಿ ಕತ್ತರಿಸಲೂ ಬಿಡಬೇಡಿ. ಕಿಡಿ ಬಿದ್ದಲ್ಲಿ ಲೇಪನ ಸುಟ್ಟುಹೋಗುತ್ತದೆ. ತಗಡು ಕತ್ತರಿಯೇ ಸಾಕು. ಹಸಿ ಸಿಮೆಂಟ್ ಗಾರೆ ತಾಗಿದರೂ, ಎ.ಸಿ. ಯಂತ್ರದ ತಾಮ್ರದ ಪೈಪಿನ ನೀರು ತೊಟ್ಟಿಕ್ಕಿದರೂ ಲೇಪನಕ್ಕೆ ಕೇಡು.

ಬಿಸಿ, ಸದ್ದು, ನೀರು

ಶೀಟಿನಡಿ ಮಲಗುವ ಕೋಣೆ ಮಾಡುವವರು ಬಣ್ಣದಿಂದಲೇ ಶುರು ಮಾಡಲಿ. ತಿಳಿ ಬಣ್ಣ ಕಡಿಮೆ ಕಾಯುತ್ತದೆ. ಕಡು ನೀಲಿ, ಕಡು ಕೆಂಪು ಕಣ್ಣಿಗೆ ಚೆಂದ, ನೆತ್ತಿಗೆ ಬಿಸಿ. ಶೀಟಿನಡಿ ಇನ್ಸುಲೇಷನ್ ಹಾಳೆ ಹಾಕಿಸಿದರೆ ಬಿಸಿಲೂ ಮಳೆಯ ಸದ್ದೂ ಎರಡೂ ತಗ್ಗುತ್ತವೆ. ಆದರೆ ಅದನ್ನು ಶೀಟಿಗೆ ಮೊದಲು, ಪೈಪಿನ ಮೇಲೆ ಹಾಸಬೇಕು. ಆಮೇಲೆ ತುರುಕಲು ಬರುವುದಿಲ್ಲ.

ಮಾಡಿನಿಂದ ಬೀಳುವ ನೀರನ್ನು ಪಕ್ಕದ ಮನೆಯ ಅಂಗಳಕ್ಕೆ ಬಿಡುವುದು ಜಗಳಕ್ಕೆ ವೀಳ್ಯ ಕೊಟ್ಟಂತೆ. ಅಂಚಿಗೆ ದೋಣಿ ಕಟ್ಟಿಸಿ, ಪೈಪು ಇಳಿಸಿ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಬೀಳುತ್ತದೆ. ನಮ್ಮ 21ಕ್ಕೆ 16 ಅಡಿಯ ಮಾಡು 31 ಚದರ ಮೀಟರ್. ಚೆಲ್ಲಿದ್ದು, ಆವಿಯಾದದ್ದು ಕಳೆದರೂ 25 ಸಾವಿರ ಲೀಟರ್‌ಗೆ ಮೋಸವಿಲ್ಲ. 2009ರ ಕಾನೂನು ತಿದ್ದುಪಡಿಯ ನಂತರ ನಗರದಲ್ಲಿ 60×40 ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನಗಳ ಹಳೆಯ ಮನೆಗಳಿಗೂ 30×40 ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನಗಳ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. ಹೇಗೆಂದು ತಿಳಿಯಲು ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ. ದೋಣಿ, ಸೋಸುಕ, ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡುವ ಏರ್ಪಾಡುಗಳನ್ನು ಕಣ್ಣಾರೆ ನೋಡಿ ಬರಬಹುದು.

ಹಳೆಯ ಸಿಮೆಂಟ್ ಶೀಟ್ ತೆಗೆಸಿ ತಗಡು ಹಾಕಿಸುವವರಿಗೆ ಒಂದು ಎಚ್ಚರಿಕೆ. ಅದರಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಒಣಗಿದ್ದಾಗ ಸುತ್ತಿಗೆಯಲ್ಲಿ ಒಡೆದರೆ ಆ ನಾರು ಪುಡಿಯಾಗಿ ಉಸಿರಿಗೆ ಸೇರಿ ಶ್ವಾಸಕೋಶಕ್ಕೆ ಕೇಡು. ನೀರು ಚಿಮುಕಿಸಿ, ಮಾಸ್ಕ್ ಹಾಕಿಸಿ, ಇಡಿಯಾಗಿ ಬಿಚ್ಚಿಸಿ. ಮಕ್ಕಳನ್ನು ಕೆಳಗೇ ಇರಿಸಿ. ಇನ್ನು ಮಹಡಿಯ ಶೀಟು ಕೋಣೆಯನ್ನು ಬಾಡಿಗೆಗೆ ಕೊಡುವ ಯೋಚನೆಯಿದ್ದರೆ ಅದು ಪಾಲಿಕೆಯ ಲೆಕ್ಕದಲ್ಲಿ ಹೆಚ್ಚುವರಿ ಅಂತಸ್ತಾದೀತೇ ಎಂದು ಮೊದಲೇ ಕಚೇರಿಯಲ್ಲಿ ವಿಚಾರಿಸಿ.

ಯಂತ್ರವನ್ನೇ ಹಾಕುವ ಯೋಚನೆಯಿದ್ದರೆ

ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆಯಾಚೆ ಬೆಳೆಯುತ್ತಿರುವ ಬಡಾವಣೆಗಳನ್ನು ನೋಡಿ ಸ್ವಂತ ಘಟಕದ ಆಸೆ ಪಟ್ಟವರೂ ಇದ್ದಾರೆ. ಅವರಿಗೆ ನಾಲ್ಕು ಮಾತು.

ಡಿಕಾಯ್ಲರ್‌ನಿಂದ ಶೀಟು ಇಳಿಸುವ ಮೇಜಿನವರೆಗೆ ಸಾಲಿಗೆ ಸುಮಾರು 80 ಅಡಿ ಉದ್ದದ ಶೆಡ್ ಬೇಕು. ಐದು ಟನ್ ಕಾಯಿಲ್ ಎತ್ತಲು ಕ್ರೇನ್, ಲಾರಿ ತಿರುಗಲು ದಾರಿ, ಮೂರು ಫೇಸ್ ವಿದ್ಯುತ್ ಬೇಕು. ಒಂದು ರೋಲರ್ ಸೆಟ್ ಒಂದೇ ಆಕಾರ ಕೊಡುತ್ತದೆ. ಅಲೆಯಾಕಾರ, ಚೌಕ ಏಣು ಎರಡೂ ಬೇಕೆಂದರೆ ಎರಡು ಸೆಟ್ ಅಥವಾ ಒಂದರ ಮೇಲೊಂದು ಅಟ್ಟದ ಯಂತ್ರ. ಕೊಳ್ಳುವ ಮುನ್ನ ಶಾಫ್ಟಿನ ವ್ಯಾಸ, ರೋಲರ್‌ನ ಉಕ್ಕು ಮತ್ತು ಅದರ ಹಾರ್ಡ್ ಕ್ರೋಮ್ ಲೇಪನ, ಎಷ್ಟರಿಂದ ಎಷ್ಟು ದಪ್ಪದ ತಗಡು, ಯಾವ ಗಟ್ಟಿತನದ ಉಕ್ಕು ಓಡುತ್ತದೆ ಎಂಬುದನ್ನು ಬರೆಸಿಕೊಳ್ಳಿ. ಮುಂಗಡ ಕೊಟ್ಟರೂ ಕೊನೆಯ ಕಂತು ಕೊಡುವ ಮುನ್ನ ನೀವೇ ಒಯ್ದ ಕಾಯಿಲ್ ಅನ್ನು ಎದುರಿಗೇ ಓಡಿಸಿ. ಮಾರುವವರು ತೋರಿಸುವ ಮೆದು ತಗಡು ಯಾವ ಯಂತ್ರದಲ್ಲೂ ಚೆಂದವಾಗಿ ಬಗ್ಗುತ್ತದೆ. ನಿಮ್ಮ ಊರಿನಲ್ಲಿ ನಡೆಯುವುದು ಗಟ್ಟಿ ತಗಡು.

ಚೈನಿಗೆ, ರೋಲರ್ ಬಾಯಿಗೆ, ಕಟರ್‌ಗೆ ಗಾರ್ಡ್ ಇಲ್ಲದ ಯಂತ್ರವನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಕೆಂಪು ಎಮರ್ಜೆನ್ಸಿ ಬಟನ್ ಎರಡೂ ತುದಿಯಲ್ಲಿರಬೇಕು. ತಗಡಿನ ಅಂಚು ಬ್ಲೇಡಿನಷ್ಟು ಹರಿತ, ಮೇಜಿನ ಬಳಿ ಕೈಗವಸು ಬೇಕೇ ಬೇಕು. ಓಡುವ ರೋಲರ್ ಬಳಿ ಅದೇ ಗವಸು ಕೈಯನ್ನು ಒಳಕ್ಕೆಳೆಯುತ್ತದೆ ಎಂಬುದನ್ನೂ ಕೆಲಸಗಾರರಿಗೆ ಮೊದಲ ದಿನವೇ ಹೇಳಿ. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್ಟೆಕ್ಸ್ ಫಾರ್ಮಿಂಗ್ ಪ್ರದರ್ಶನಕ್ಕೆ ಹೋದರೆ ತಗಡು ಬಗ್ಗಿಸುವ, ಕತ್ತರಿಸುವ ಯಂತ್ರಗಳು ಓಡುವುದನ್ನು ಒಂದೇ ಕಡೆ ನೋಡಬಹುದು. ರೋಲರ್, ಡೈ ಕೆಲಸ ಕಲಿಯಬಯಸುವ ಮಕ್ಕಳಿಗೆ ರಾಜಾಜಿನಗರದಲ್ಲಿ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿ ಇದೆ. ಉದ್ಯಮ ನೋಂದಣಿ ಸರ್ಕಾರಿ ಜಾಲತಾಣದಲ್ಲಿ ಉಚಿತ, ಅದಕ್ಕೆ ದಲ್ಲಾಳಿ ಬೇಡ. ಸಾಲ, ಸಹಾಯಧನದ ವಿಚಾರಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರದ ಬಾಗಿಲು ತಟ್ಟಿ. ಹಣದ ಲೆಕ್ಕ ಹಾಕುವಾಗ ಯಂತ್ರದ ಬೆಲೆಯಲ್ಲೇ ನಿಲ್ಲಬೇಡಿ. ನಾಲ್ಕು ಬಣ್ಣ, ಮೂರು ದಪ್ಪ ಎಂದರೆ ಹನ್ನೆರಡು ಕಾಯಿಲ್ ಶೆಡ್ಡಿನಲ್ಲಿ ಮಲಗಿರಬೇಕು. ಈ ವ್ಯಾಪಾರದ ದುಡ್ಡು ಹೂತುಹೋಗುವುದು ಅಲ್ಲಿ.

ಚೀಟಿಯಲ್ಲಿ ಬರೆದುಕೊಂಡು ಹೋಗಿ

ಟಿಸಿಟಿ ಎಷ್ಟು, ಬಿಎಂಟಿ ಎಷ್ಟು? ಲೇಪನ ಎಜೆಡ್ ಅಥವಾ ಜೆಡ್ ಎಷ್ಟು ಗ್ರಾಂ? ಕಾಯಿಲ್‌ನ ಟೆಸ್ಟ್ ಸರ್ಟಿಫಿಕೇಟ್ ಎಲ್ಲಿ? ಮುಚ್ಚುವ ಅಗಲ ಎಷ್ಟು? ನನ್ನ ಅಳತೆಗೆ ಒಂದೇ ಉದ್ದದಲ್ಲಿ ಕತ್ತರಿಸಿ ಕೊಡುತ್ತೀರಾ? ಒಂದಡಿ ತುಂಡು ತೂಗಬಹುದೇ? ಇದನ್ನೆಲ್ಲ ಬಿಲ್ಲಿನಲ್ಲಿ ಬರೆಯುತ್ತೀರಾ?

ಈ ಏಳು ಪ್ರಶ್ನೆ ಕೇಳಲು ಐದು ನಿಮಿಷ ಸಾಕು. ಏಳಕ್ಕೂ ಉತ್ತರ ಕೊಟ್ಟ ಅಂಗಡಿಯಲ್ಲಿ ಕೊಳ್ಳಿ, ಅಡಿಗೆ ನಾಲ್ಕು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ. ಬಣ್ಣದ ಮಾತು ಎಂಟನೆಯದಾಗಿರಲಿ.